ಹೋಟೆಲಿನ ಬಾವಿಗೆ ಇಳಿದ ಮಳೆ

ಪುಣೆಯಲ್ಲಿ ಮೊದಲ ಮಳೆ ಬಿದ್ದ ಸಂಜೆ ಜನ ಮನೆಗೆ ಓಡುವುದಿಲ್ಲ, ಭಜಿ ತಿನ್ನಲು ಓಡುತ್ತಾರೆ. ಈರುಳ್ಳಿ ಭಜಿಗೆ ಇಲ್ಲಿ ಕಾಂದಾ ಭಜಿ ಎನ್ನುತ್ತಾರೆ. ಆಕಾಶ ಕಪ್ಪಾದರೆ ಸಾಕು, ಕಚೇರಿ ಬಿಟ್ಟವರು, ಕೋಚಿಂಗ್ ಕ್ಲಾಸು ಮುಗಿಸಿದವರು, ಸ್ಕೂಟರಿನ ಮೇಲೆ ನೆನೆಯುತ್ತ ಬಂದ ಗಂಡ ಹೆಂಡಿರು, ಎಲ್ಲರಿಗೂ ಅದೇ ಬೇಕು, ಜೊತೆಗೆ ಚಹಾ. ಸದಾಶಿವ ಪೇಠದ ನಮ್ಮ ಹೋಟೆಲಿನಲ್ಲಿ ಯಾವ ಹಬ್ಬಕ್ಕೂ ಆಗದ ವ್ಯಾಪಾರ ಆ ಒಂದು ಸಂಜೆ ಆಗುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಅದನ್ನು ಕಂಡು ನಕ್ಕಿದ್ದೆ. ನಮ್ಮ ಕುಂದಾಪುರದ ಕಡೆ ಮಳೆ ಬಂತೆಂದು ಸಂಭ್ರಮಪಡುತ್ತ ಕೂತರೆ ಬೇಸಾಯವೂ ಇಲ್ಲ, ಊಟವೂ ಇಲ್ಲ. ಈಗ ನಗು ಬರುವುದಿಲ್ಲ. ಆ ಸಂಜೆಯ ಬಾಣಲೆಯ ಸದ್ದಿಗೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ.

ಹೋಟೆಲು ಇರುವುದು ಹಳೆಯ ವಾಡೆಯೊಂದರ ಕೆಳಗೆ. ವಾಡೆ ಎಂದರೆ ಹಿಂದಿನವರು ಕಲ್ಲು, ಮರ ಹಾಕಿ ಕಟ್ಟಿದ ದೊಡ್ಡ ಮನೆ. ನಮ್ಮದರ ಮೇಲಿನ ಅಂತಸ್ತು ಎಂದೋ ಕುಸಿದುಹೋಗಿ, ವಾಡೆಯ ಯಜಮಾನರು ಅದರ ಜಾಗದಲ್ಲಿ ಸಿಮೆಂಟಿನ ತಾರಸಿ ಹಾಕಿಸಿದ್ದಾರೆ. ಮುಂದೆ ಮೇಜುಗಳು, ಬಾಗಿಲ ಬಳಿ ನಾನು ಕೂರುವ ಗಲ್ಲಾ, ಒಳಗೆ ಅಡುಗೆಮನೆ, ಅದರ ಹಿಂದೆ ಕಲ್ಲು ಹಾಸಿದ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ನನ್ನ ಮಾವ ಹರೆಯದಲ್ಲಿ ಊರು ಬಿಟ್ಟು ಬಂದು, ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ಈ ಜಾಗವನ್ನು ಬಾಡಿಗೆಗೆ ಹಿಡಿದವರು. ಇಷ್ಟು ಇಕ್ಕಟ್ಟಾದ ಗಲ್ಲಿಯಲ್ಲಿ ಯಾಕೆ ಹಿಡಿದಿರಿ ಎಂದು ನಾನೊಮ್ಮೆ ಕೇಳಿದ್ದೆ.

“ನಾನ್ ಜಾಗ ಕಂಡದ್ದಲ್ಲ ಹೆಣ್ಣೆ, ಬಾಮಿ ಕಂಡದ್” ಎಂದರು. “ಬಾಮಿ ಇದ್ದಲ್ಲಿ ಹೋಟ್ಲ್ ನೆಡಿತ್ತ್.”

ಕುಂದಾಪುರದವರ ಬಾಯಲ್ಲಿ ಬಾವಿ ಬಾಮಿಯೇ. ಹಿಡಿದ ವರ್ಷವೇ ಮಾವ ಊರಿನಿಂದ ನೆಲ್ಲಿಮರದ ಕೊರಡೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಬಾವಿಯ ತಳಕ್ಕೆ ಇಳಿಸಿದ್ದರಂತೆ. ನೆಲ್ಲಿ ಕೊರಡು ಬಿದ್ದ ಬಾವಿಯ ನೀರು ಸಿಹಿಯಾಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಮ್ಮ ಸಾಂಬಾರಿನ ರುಚಿಯೆಲ್ಲ ಆ ನೀರಿನದೇ ಎಂದು ಮಾವ ಗಿರಾಕಿಗಳಿಗೆ ಹೇಳುತ್ತಿದ್ದರು. ರುಚಿ ಇದ್ದದ್ದು ಅವರು ಬೆಳಗಿನ ಜಾವ ಎದ್ದು ತಾವೇ ಹುರಿಯುವ ಕೊತ್ತಂಬರಿ ಬೀಜದಲ್ಲಿ. ಆದರೆ ಅದನ್ನು ಅವರಿಗೆ ಹೇಳಿ ಯಾರು ಬೈಸಿಕೊಳ್ಳಬೇಕು? ನಾನೂ ಹೂಂ ಎನ್ನುತ್ತಿದ್ದೆ.

ಸುತ್ತಲಿನ ವಾಡೆಗಳು ಒಂದೊಂದಾಗಿ ಬಿದ್ದು ಫ್ಲ್ಯಾಟುಗಳೆದ್ದವು. ಒಂದೊಂದು ಕಟ್ಟಡವೂ ತನಗೊಂದು ಬೋರ್‌ವೆಲ್ ಕೊರೆಸಿಕೊಂಡಿತು, ಅಂಗಳಕ್ಕೆಲ್ಲ ಸಿಮೆಂಟು ಬಳಿದು ಸ್ಕೂಟರು ನಿಲ್ಲಿಸಿತು. ಗೇಟಿನ ಬಳಿ ‘ಇಲ್ಲಿ ಮಳೆನೀರು ಸಂಗ್ರಹಿಸಲಾಗುತ್ತದೆ’ ಎಂದು ಮರಾಠಿಯಲ್ಲಿ ಬೋರ್ಡು ಹಾಕಿಕೊಂಡದ್ದೂ ಉಂಟು. ಎದುರಿನ ಕಟ್ಟಡದ ಬೋರ್ಡಿನ ಹಿಂದಿದ್ದ ಕೊಳವೆ ನೆಲದಿಂದ ಗೇಣು ಮೇಲಕ್ಕೇ ಮುಗಿದುಹೋಗಿತ್ತು. ಮಳೆ ಬಂದರೆ ಅದರ ಬಾಯಿಂದ ಬಿದ್ದ ನೀರು ನಮ್ಮ ಮೆಟ್ಟಿಲು ತೊಳೆದು ಗಟಾರಕ್ಕೆ ಹೋಗುತ್ತಿತ್ತು. ನಮ್ಮ ಬಾವಿ ಮೊದಲು ಬೇಸಿಗೆಯಲ್ಲಿ ಬತ್ತತೊಡಗಿತು, ಆಮೇಲೆ ಚಳಿಗಾಲದಲ್ಲೂ ತಳ ಕಾಣಿಸಿತು. ಬಗ್ಗಿ ನೋಡಿದರೆ ಮಾವನ ನೆಲ್ಲಿ ಕೊರಡು ಒಣಗಿದ ಕೆಸರಿನ ಮೇಲೆ ಬಿದ್ದುಕೊಂಡಿರುತ್ತಿತ್ತು. ಮಾವ ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದರು. ನೋಡಬೇಡಿ ಎಂದರೂ ಕೇಳುತ್ತಿರಲಿಲ್ಲ.

ನೀರಿಲ್ಲದ ಮನೆ ಹೇಗೋ ನಡೆಯುತ್ತದೆ, ನೀರಿಲ್ಲದ ಹೋಟೆಲು ನಡೆಯುವುದಿಲ್ಲ. ಅಕ್ಕಿ ತೊಳೆಯಬೇಕು, ಉದ್ದು ನೆನೆಹಾಕಬೇಕು, ತಟ್ಟೆ ಲೋಟ ತೊಳೆಯಬೇಕು, ನೆಲ ಒರೆಸಬೇಕು, ಬಂದವರ ಮುಂದೆ ಮೊದಲು ನೀರು ಇಡಬೇಕು. ಕಾರ್ಪೊರೇಷನ್ನಿನ ನಲ್ಲಿ ತನಗೆ ಮನಸ್ಸು ಬಂದಾಗ ಸುರಿಯುತ್ತದೆ, ಅದೂ ಕಿರುಬೆರಳ ಗಾತ್ರ. ಬೇರೆ ಹೋಟೆಲಿನವರು ಟ್ಯಾಂಕರ್ ತರಿಸುತ್ತಾರೆ. ನಮ್ಮ ಗಲ್ಲಿಗೆ ಟ್ಯಾಂಕರ್ ಹಾಯುವುದಿಲ್ಲ. ರಿಕ್ಷಾ ಬಂದರೇ ನಡೆಯುವವರು ಗೋಡೆಗೆ ಆತುಕೊಳ್ಳಬೇಕು. ಒಮ್ಮೆ ಹಟಕ್ಕೆ ಬಿದ್ದು ತರಿಸಿದೆವು. ಅದು ತಿರುವಿನಲ್ಲಿ ಸಿಕ್ಕಿಕೊಂಡು, ಯಾರದೋ ಬಾಲ್ಕನಿಯ ಅಂಚು ಮುರಿದು, ಇಡೀ ಗಲ್ಲಿಯೇ ನಮ್ಮ ಬಾಗಿಲಿಗೆ ಜಗಳಕ್ಕೆ ಬಂತು. ಅಂದಿನಿಂದ ಕೈಗಾಡಿಯ ಮೇಲೆ ನೀಲಿ ಕ್ಯಾನುಗಳು ಬರತೊಡಗಿದವು. ಕ್ಯಾನಿನ ನೀರಲ್ಲಿ ತಟ್ಟೆ ತೊಳೆಯುವಾಗೆಲ್ಲ ನಾನು ಉಳಿದ ಕ್ಯಾನುಗಳನ್ನು ಎಣಿಸುತ್ತಿದ್ದೆ.

ಇದೇ ಹೊತ್ತಿಗೆ ನನ್ನ ಗಂಡ ಊರಾಚೆಯ ಹಿಂಜವಾಡಿಯ ಮಾತು ತೆಗೆದರು. ಅಲ್ಲಿನ ಸಾಫ್ಟ್‌ವೇರ್ ಕಚೇರಿಯೊಂದರ ಫುಡ್‌ಕೋರ್ಟಿನಲ್ಲಿ ಒಂದು ಕೌಂಟರು ಖಾಲಿಯಿತ್ತು. ನೀರು, ಕರೆಂಟು, ಗಿರಾಕಿ, ಎಲ್ಲ ಅವರದೇ. ಮಾವ ಊಟಕ್ಕೆ ಕೂತಿದ್ದಾಗ ಇವರು ವಿಷಯ ಹೇಳಿದರು.

“ಟ್ಯಾಂಕರ್ ಬತ್ತಿಲ್ಲೆ, ನಲ್ಲಿ ನೀರ್ ಸಾಕಾತಿಲ್ಲೆ. ಮತ್ತೆಂತ ಮಾಡ್ಕ್ ಅಪ್ಪಯ್ಯ?”

“ನೀ ಹೋಗ್. ಆ ಗಾಜಿನ ಪೆಟ್ಟಿಗಿ ಒಳ್ಗ್ ಕೂತ್ಕಂಡ್ ಇಡ್ಲಿ ಮಾರುಕೆ ನಂಗಾತಿಲ್ಲೆ” ಎಂದು ಮಾವ ಕೈ ತೊಳೆಯಲು ಎದ್ದರು. ಎದ್ದವರು ತಿರುಗಿ, “ಬಾಮಿಗೆ ನೀರ್ ಬಂದ್ರೆ?” ಎಂದರು.

“ಬಂದ್ರೆ ಇಲ್ಲೇ ಇಪ್ಪ” ಎಂದರು ಇವರು. ಬರುವುದಿಲ್ಲ ಎಂಬ ಧೈರ್ಯದಲ್ಲಿ ಆಡಿದ ಮಾತು ಅದು. ಮಾವನಿಗೂ ಅದು ಗೊತ್ತಿತ್ತು, ಆದರೂ ಹಿಡಿದುಕೊಂಡುಬಿಟ್ಟರು. ಮುಂದಿನ ಬೇಸಿಗೆಯೊಳಗೆ ಬಾವಿ ತುಂಬಿದರೆ ಹೋಟೆಲು ಉಳಿಯುತ್ತದೆ, ಇಲ್ಲದಿದ್ದರೆ ಹಿಂಜವಾಡಿ ಎಂದು ಅವತ್ತೇ ತೀರ್ಮಾನವಾಯಿತು. ನಡುವೆ ಇದ್ದದ್ದು ಒಂದೇ ಮಳೆಗಾಲ.

ತಾರಸಿಯ ನೀರನ್ನು ಬಾವಿಗೆ ಬಿಡಿಸುವ ಯೋಚನೆ ನನ್ನದು. ಮಾವ ಮೊದಲಿಗೆ ನಕ್ಕರು. “ಮಳಿ ಹಿಡುದಂದ್ರೆ ಎಂತ? ಮಳಿ ಎಂತ ಓಡಿ ಹೋಪ ದನವಾ?” ನಮ್ಮ ಊರಿನವರಿಗೆ ಇದು ಅರ್ಥವಾಗುವುದೇ ಕಷ್ಟ. ಅಲ್ಲಿ ಮಳೆಯಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತೇವೆ, ಹಿಡಿಯುವುದನ್ನಲ್ಲ. ಮಾಡಿನಿಂದ ಬಿದ್ದದ್ದು ತೋಡಿಗೆ, ತೋಡಿನದು ಹೊಳೆಗೆ. ಬಾವಿ ತನ್ನಷ್ಟಕ್ಕೆ ತುಂಬಿ, ಬಗ್ಗಿದರೆ ತಂಬಿಗೆಯಲ್ಲೇ ಮೊಗೆಯಬಹುದು. ಬಾವಿಗೆ ನೀರು ಹಾಕುವುದು ಎಂದರೆ ಅವರ ಕಿವಿಗೆ ಹುಚ್ಚರ ಮಾತು. ಆದರೆ ಮಾವನ ಎದುರಿಗೆ ಬೇರೆ ದಾರಿ ಇರಲಿಲ್ಲ. ಎರಡು ದಿನ ಬಾವಿಕಟ್ಟೆಯ ಮೇಲೆ ಕೂತು ಯೋಚಿಸಿ, ಮೂರನೆಯ ದಿನ ತಾವೇ ಪ್ಲಂಬರನನ್ನು ಕರೆತಂದರು.

ಪ್ಲಂಬರ್ ತಾರಸಿಯ ಮೂಲೆಯಿಂದ ಅಂಗಳಕ್ಕೆ ದಪ್ಪ ಕೊಳವೆ ಇಳಿಸಿದ. ಕೆಳಗೆ ಒಂದು ಡ್ರಮ್ಮಿನಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿ, ಅದರ ಮೂಲಕ ಸೋಸಿದ ನೀರು ಬಾವಿಗೆ ಬೀಳುವ ಹಾಗೆ ಮಾಡಿದ. ಡ್ರಮ್ಮಿನ ಮೇಲುಗಡೆ ಕೊಳವೆಗೆ ಒಂದು ವಾಲ್ವ್. ಅದನ್ನು ಒಂದು ಕಡೆ ತಿರುಗಿಸಿದರೆ ನೀರು ಬಾವಿಗೆ, ಇನ್ನೊಂದು ಕಡೆ ತಿರುಗಿಸಿದರೆ ಗಟಾರಕ್ಕೆ. ಹೋಗುವಾಗ, “ಪಹಿಲಾ ಪಾವೂಸ್ ಸೋಡೂನ್ ದ್ಯಾ ಕಾಕಾ” ಎಂದ. ಮೊದಲ ಮಳೆಯನ್ನು ಹೊರಗೆ ಬಿಟ್ಟುಬಿಡಿ, ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದುಹೋಗಲಿ, ಆಮೇಲೆ ಬಾವಿಗೆ ತಿರುಗಿಸಿ ಎಂದು. ಮಾವ ತಲೆಯಾಡಿಸಿದರು. ಅವರು ಹಾಗೆ ತಲೆಯಾಡಿಸಿದರೆ ಒಪ್ಪಿಲ್ಲ ಎಂದು ಅರ್ಥ. ನನಗೆ ಅದು ಗೊತ್ತಿದೆ, ಪ್ಲಂಬರನಿಗೆ ಗೊತ್ತಿರಲಿಲ್ಲ.

ಮೊದಲ ಮಳೆಯನ್ನು ಗಟಾರಕ್ಕೆ ಬಿಡುವ ಮನಸ್ಸು ಮಾವನಿಗೆ ಇರಲಿಲ್ಲ. ಅದಕ್ಕಾಗಿ ಅವರು ಕಂಡುಕೊಂಡ ಉಪಾಯ ತಾರಸಿಯನ್ನೇ ತಿಕ್ಕಿ ತೊಳೆಯುವುದು. ಮೇ ತಿಂಗಳ ಬಿಸಿಲಿನಲ್ಲಿ ನಾವು ಮೂವರು ಕೂತು ತಿಕ್ಕಿದೆವು. ಮಾವ, ನಾನು, ನಮ್ಮಲ್ಲಿ ಪಾತ್ರೆ ತೊಳೆಯುವ ಹೆಂಗಸು. ಅವಳು ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇರುವುದು ತಗಡಿನ ಶೆಡ್ಡಿನಲ್ಲಿ. ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ದಿನಾ ಸಂಜೆ ಒಂದು ಕೊಡ ತುಂಬಿಕೊಂಡು ಹೋಗುತ್ತಿದ್ದಳು. ತೆಂಗಿನ ನಾರು, ಸೋಡಾಪುಡಿ, ಕ್ಯಾನಿನ ನೀರು ಹಾಕಿ ನೆಲವನ್ನು ಇಂಚಿಂಚೂ ತಿಕ್ಕಿದೆವು.

“ಅಜ್ಜಾರ, ಇಷ್ಟ್ ತಿಕ್ಕಿದ್ರ ನೆಲಾ ಸವದ ಹೋಗ್ತದ್ರಿ” ಎಂದು ಅವಳು ನಕ್ಕಳು.

ಮಾವ ಸೊಂಟ ಹಿಡಿದುಕೊಂಡು ಎದ್ದು ನಿಂತು ಸುತ್ತ ನೋಡಿದರು. “ಇದ್ರ್ ಮೇಲೆ ಎಲಿ ಹಾಕಿ ಊಟ ಮಾಡ್ಲಕ್ಕ್” ಎಂದು, ಕೆಳಗಿಳಿದು ವಾಲ್ವನ್ನು ಬಾವಿಯ ಕಡೆಗೆ ತಿರುಗಿಸಿಟ್ಟರು. ಮೊದಲ ಮಳೆಯನ್ನು ಬಿಡಬೇಕಂತೆ ಎಂದು ನಾನು ನೆನಪಿಸಿದೆ. ಕೊಳೆ ಇದ್ದರೆ ತಾನೇ ಬಿಡಬೇಕಾದದ್ದು ಎಂದರು. ನೆಲ ನಿಜಕ್ಕೂ ಚೊಕ್ಕಟವಾಗಿತ್ತು. ನಾನು ಒಪ್ಪಿದೆ, ಇವರೂ ಒಪ್ಪಿದರು.

ನಾವೆಲ್ಲ ನೆಲವನ್ನೇ ನೋಡಿದೆವು. ತಾರಸಿಯ ನಡುವೆ ಎದ್ದು ನಿಂತಿದ್ದ ಹೊಗೆಕೊಳವೆ ಯಾರ ಕಣ್ಣಿಗೂ ಬೀಳಲಿಲ್ಲ. ಅಡುಗೆಮನೆಯ ಬಾಣಲೆಗಳ ಮೇಲಿನ ಹೊಗೆಯನ್ನು ಹೊರಗೆ ಹಾಕುವ ತಗಡಿನ ಕೊಳವೆ ಅದು. ಮೊದಲು ಗಲ್ಲಿಗೆ ಮುಖ ಮಾಡಿತ್ತು. ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗೆ ವಡೆಯ ವಾಸನೆ ಬರುತ್ತದೆ ಎಂದು ಗಲಾಟೆ ಮಾಡಿದ ಮೇಲೆ ತಾರಸಿಗೆ ಎತ್ತಿಸಿದ್ದೆವು. ಅದರ ಮೈಗೆ, ಟೋಪಿಗೆ, ಒಳಗೋಡೆಗೆ ಎಷ್ಟೋ ವರ್ಷಗಳ ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು. ದಿನಾ ಕಾಣುವ ವಸ್ತು ಹೀಗೆಯೇ, ಇದ್ದೂ ಇಲ್ಲದ ಹಾಗೆ ಇರುತ್ತದೆ. ಹೋಟೆಲಿನವರಲ್ಲದ ಯಾರಾದರೂ ಬಂದಿದ್ದರೆ ಮೊದಲು ಅದನ್ನೇ ನೋಡುತ್ತಿದ್ದರು. ನಮ್ಮ ಮೂಗಿಗೆ ಎಣ್ಣೆಯ ವಾಸನೆ ವಾಸನೆಯೇ ಅಲ್ಲ.

ಜೂನಿನ ಒಂದು ಸಂಜೆ ಮಳೆ ಬಂತು. ಗುಡುಗು, ಗಾಳಿ, ಆಮೇಲೆ ದಪ್ಪ ಹನಿ. ಅರ್ಧ ಗಂಟೆಯೊಳಗೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಜಿ, ಭಜಿ, ಭಜಿ. ಎರಡು ಬಾಣಲೆ ಸಾಲದೆ ಅಡುಗೆ ಭಟ್ಟರು ಮೂರನೆಯದನ್ನು ಒಲೆಗೇರಿಸಿದರು. ಮಾವ ಈರುಳ್ಳಿ ಹೆಚ್ಚುತ್ತಿದ್ದವರು ನಡುನಡುವೆ ಅಂಗಳಕ್ಕೆ ಓಡಿ, ಡ್ರಮ್ಮಿಗೆ ಕಿವಿ ಹಚ್ಚಿ, ನೀರು ಬಾವಿಗೆ ಬೀಳುವ ಸದ್ದು ಕೇಳಿ ಮತ್ತೆ ಒಳಗೆ ಓಡಿ ಬರುತ್ತಿದ್ದರು. ಒದ್ದೆ ತಲೆಯಲ್ಲೇ ಗಲ್ಲಾದ ಬಳಿ ಬಂದು, “ಬೀಳ್ತಾ ಇತ್ತ್ ಹೆಣ್ಣೆ” ಎಂದು ಹೇಳಿ ಹೋದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಬಾವಿಯಲ್ಲಿ ನೀರಿತ್ತು. ನೆಲ್ಲಿ ಕೊರಡು ಮುಳುಗಿತ್ತು. ಮಾವ ಬಾವಿಕಟ್ಟೆಗೆ ಹೂವಿಟ್ಟು, ಊದುಬತ್ತಿ ಹಚ್ಚಿ, ತಾವೇ ಹಗ್ಗ ಬಿಟ್ಟು ಮೊದಲ ಕೊಡ ಸೇದಿದರು. ಆ ನೀರಿನಲ್ಲಿ ಕಾಫಿ ಮಾಡಿಸಿದರು. ಲೋಟದ ಮೇಲೆ ಸಣ್ಣ ಸಣ್ಣ ಹೊಳೆಯುವ ಬೊಟ್ಟುಗಳು ತೇಲುತ್ತಿದ್ದವು. ಹಾಲಿನ ಕೆನೆ ಎಂದರು ಮಾವ. ನಾನು ಕುಡಿದೆ. ಹಳಸಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅವರ ಮುಖ ನೋಡಿ, ಚೆನ್ನಾಗಿದೆ ಎಂದುಬಿಟ್ಟೆ. ಇವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಏನೂ ಹೇಳದೆ ತರಕಾರಿ ತರಲು ಹೊರಟರು.

ಹೇಳಿದ್ದು ಪಾತ್ರೆ ತೊಳೆಯುವವಳು. ಬೆಳಗಿನ ತಿಂಡಿಯ ತಟ್ಟೆಗಳ ರಾಶಿಯ ಮುಂದೆ ಕೂತಿದ್ದವಳು ನನ್ನನ್ನು ಕೂಗಿದಳು.

“ಅಕ್ಕಾರ, ಸಾಬಾಣ ಎಷ್ಟ್ ಹಚ್ಚಿದ್ರೂ ಜಿಡ್ಡ ಹೋಗವಲ್ದು ನೋಡ್ರಿ. ಭಾಂಡೇದಾಗ ಅಲ್ರಿ, ನೀರಿನ್ಯಾಗ ಅದ.”

ಮಾವ ಅಲ್ಲೇ ನಿಂತಿದ್ದರು. ತೊಟ್ಟಿಯಲ್ಲಿ ಕೈ ಅದ್ದಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. ಮೂಸಿದರು. ಆಮೇಲೆ ಏಣಿ ಹತ್ತಿ ತಾರಸಿಗೆ ಹೋದರು. ನಾನು ಹಿಂದೆಯೇ ಹೋದೆ. ಬಾಣಲೆಗಳ ಬಿಸಿಗೆ ಕರಗಿದ ಎಣ್ಣೆಯನ್ನು ಮಳೆ ತೊಳೆದು, ಹೊಗೆಕೊಳವೆ ಎಂದೂ ಇಲ್ಲದಷ್ಟು ಹೊಳೆಯುತ್ತಿತ್ತು. ಅದರ ಬುಡದಿಂದ ಮೂಲೆಯ ಕೊಳವೆಯವರೆಗೆ ನೆಲದ ಮೇಲೆ ಕಂದು ಬಣ್ಣದ ಒಂದು ದಾರಿಯೇ ಆಗಿತ್ತು. ಮಾವ ಅದನ್ನು ನೋಡಿದರು, ನನ್ನನ್ನೂ ನೋಡಿದರು. ಬಿಸಿಲು ಏರಿದರೂ ಅಲ್ಲೇ ಕೂತಿದ್ದರು. ಊಟದ ಹೊತ್ತಿಗೆ ನಾನು ಹೋಗಿ ಕೈ ಹಿಡಿದು ಇಳಿಸಿಕೊಂಡು ಬಂದೆ.

ಅಷ್ಟಕ್ಕೇ ಬಿಡಲಿಲ್ಲ ನಾವು. ಹಳೆಯ ಸೀರೆಗಳನ್ನು ಬಾವಿಯ ಮೇಲ್ಮೈಗೆ ಹಾಸಿ ಎಣ್ಣೆ ಹೀರಿಸಿದೆವು. ಎಷ್ಟು ತೆಗೆದರೂ ಮತ್ತೆ ಮತ್ತೆ ಮೇಲೆ ಬಂತು. ಕೊನೆಗೆ ಪಂಪು ಇಟ್ಟು ಎಲ್ಲ ನೀರನ್ನೂ ಹೊರಗೆ ಸುರಿದೆವು. ವರ್ಷಗಟ್ಟಲೆ ಕಾದು ಪಡೆದ ನೀರನ್ನು ನಮ್ಮ ಕೈಯಾರೆ ಗಟಾರಕ್ಕೆ ಹೊಯ್ದೆವು. ಪಾತ್ರೆ ತೊಳೆಯುವವಳ ಗಂಡ ತನ್ನ ಜೊತೆಯವನೊಬ್ಬನನ್ನು ಕರೆತಂದು ಬಾವಿಗಿಳಿದು ಗೋಡೆ ಕೆರೆದ, ಸುಣ್ಣ ಬಳಿದ. ಡ್ರಮ್ಮಿನ ಮರಳು ಎಣ್ಣೆ ಕುಡಿದು ಗಟ್ಟಿಯಾಗಿತ್ತು, ಅದನ್ನು ಎಸೆದು ಹೊಸದು ತುಂಬಿದೆವು. ನೆಲ್ಲಿ ಕೊರಡನ್ನೂ ಮೇಲೆತ್ತಿದರು. ಕಪ್ಪಗೆ ಜಿಡ್ಡು ಹಿಡಿದು ಬಾಣಲೆಯ ತಳದ ವಾಸನೆ ಹೊಡೆಯುತ್ತಿತ್ತು. ಮಾವ ಅದನ್ನು ಅಂಗಳದ ಮೂಲೆಯಲ್ಲಿ ಗೋಡೆಗೆ ಒರಗಿಸಿ ಇಟ್ಟರು. ಒಲೆಗೆ ಹಾಕಿ ಎಂದು ಯಾರೋ ಅಂದದ್ದಕ್ಕೆ ಅವರು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಹೊಗೆಕೊಳವೆಯನ್ನು ಬೇರೆ ಕಡೆಗೆ ತಿರುಗಿಸೋಣವೆಂದರೆ ನಾಲ್ಕೂ ಕಡೆ ಕಿಟಕಿಗಳು. ಒಂದು ಕಡೆಯವರು ದೂರು ಕೊಡುತ್ತೇವೆ ಎಂದರು, ಇನ್ನೊಂದು ಕಡೆಯವರು ಮಾತೂ ಆಡದೆ ಬಾಗಿಲು ಹಾಕಿಕೊಂಡರು. ಅವರನ್ನಾದರೂ ಹೇಗೆ ಬೈಯುವುದು? ಎತ್ತರಿಸೋಣವೆಂದರೆ, ಎಷ್ಟು ಎತ್ತರಿಸಿದರೂ ಎಣ್ಣೆ ಬೀಳುವುದು ಕೆಳಗೇ. ಉಳಿದದ್ದು ಒಂದೇ ದಾರಿ. ಮಾವ ಅದನ್ನೇ ಹಿಡಿದರು. ಮಳೆಗಾಲ ಮುಗಿಯುವವರೆಗೆ ಹೋಟೆಲಿನಲ್ಲಿ ಕರಿಯುವುದಿಲ್ಲ ಎಂದರು. ವಡೆ ಇಲ್ಲ, ಪೂರಿ ಇಲ್ಲ, ಭಜಿ ಇಲ್ಲ. ಇಡ್ಲಿ, ದೋಸೆ, ಉಪ್ಪಿಟ್ಟು ಮಾತ್ರ.

ಅದೂ ಆಯಿತು. ಹೊಗೆಕೊಳವೆಯನ್ನು ಬಿಚ್ಚಿ ಸುಟ್ಟು ತೊಳೆದು ಮತ್ತೆ ಕೂರಿಸಿದೆವು. ಜುಲೈ ತಿಂಗಳಿಡೀ ಮಳೆ ಸುರಿಯಿತು, ಬಾವಿಗೆ ತಿಳಿನೀರು ಇಳಿಯಿತು. ಸೇದಿದ ಕೊಡಕ್ಕೆ ನಾಣ್ಯ ಹಾಕಿದರೆ ತಳದಲ್ಲಿ ಕಾಣುವಷ್ಟು ತಿಳಿ. ಕ್ಯಾನು ತರುವವನಿಗೆ ಬರಬೇಡ ಎಂದೆವು. ಪಾತ್ರೆ ತೊಳೆಯುವವಳು ಮತ್ತೆ ಸಂಜೆ ಕೊಡ ತುಂಬಿಕೊಂಡು ಹೋಗತೊಡಗಿದಳು. ನೀರು ಬಂತು, ನಿಜವಾಗಿ ಬಂತು. ಹೋಟೆಲಿಗೆ ಮಾತ್ರ ಜನ ಬರಲಿಲ್ಲ.

ಮಳೆಯಲ್ಲಿ ನೆನೆದು ಬಂದವರು ಬಾಗಿಲಲ್ಲೇ ನಿಂತು ಭಜಿ ಇದೆಯಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಒಳಗೇ ಬರದೆ ಗಲ್ಲಿಯ ತುದಿಯ ಗಾಡಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಉಪ್ಪಿಟ್ಟು ತಿನ್ನಲು ಯಾರು ಬರುತ್ತಾರೆ ಹೇಳಿ. ನಿತ್ಯದ ಮುದುಕರೊಬ್ಬರು ಚಹಾ ಒಂದನ್ನೇ ಕುಡಿದು, ನಿಮ್ಮ ಹೋಟೆಲಿಗೆ ಏನಾಯಿತು ಎಂದು ನನ್ನನ್ನು ಕೇಳಿದರು, ಯಾರಿಗೋ ಕಾಯಿಲೆಯಾದ ಹಾಗೆ ಮೆಲ್ಲಗೆ. ಮೊಬೈಲಿನಲ್ಲಿ ಬರುತ್ತಿದ್ದ ಆರ್ಡರುಗಳೂ ನಿಂತವು. ಮಾವ ಖಾಲಿ ಮೇಜುಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಹಿಂದೆ ತುಂಬಿದ ಬಾವಿ, ಮುಂದೆ ಖಾಲಿ ಹೋಟೆಲು. ನಾನು ಗಲ್ಲಾದಲ್ಲಿ ಕೂತು ಹೊರಗಿನ ಮಳೆಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ.

ಅಡುಗೆ ಭಟ್ಟರು ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದ ದಿನ ನನ್ನ ಗಂಡ ಮಾವನ ಎದುರು ನಿಂತರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಇವರು ಜಗಳವಾಡಲಿಲ್ಲ.

“ಅಪ್ಪಯ್ಯ, ಸಾಕ್” ಎಂದರು. “ನೀರಿಗೋಸ್ಕರ ಹೋಟ್ಲ್ ಬಿಡುದ್ ಬೇಡ ಅಂದ್ರಿ. ಈಗ ನೀರಿಗೋಸ್ಕರವೇ ಹೋಟ್ಲ್ ಹೋತಾ ಇತ್ತ್.”

ಮಾವ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಅಂಗಳಕ್ಕೆ ಹೋದರು. ಮಳೆ ಬೀಳುತ್ತಿತ್ತು. ವಾಲ್ವಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಗಟಾರದ ಕಡೆಗೆ ತಿರುಗಿಸಿದರು. ಒಂದು ಹನಿ ಹೊರಗೆ ಹೋಗಬಾರದೆಂದು ಬಿಸಿಲಲ್ಲಿ ಕೂತು ತಾರಸಿ ತಿಕ್ಕಿದವರು. ನೀರು ಭರ್ರೆಂದು ಗಟಾರಕ್ಕೆ ಬಿತ್ತು. ಅವರು ಒಳಗೆ ಬಂದು ಕೈ ಒರೆಸಿಕೊಂಡು, ಭಟ್ಟರಿಗೆ ಬಾಣಲೆ ಇಡಲು ಹೇಳಿದರು. ನಾನು ಪಾತ್ರೆ ತೊಳೆಯುವಲ್ಲಿಗೆ ಹೋಗಿ ಅತ್ತೆ. ಅವಳು ಕೂರಲು ತನ್ನ ಮಣೆ ಸರಿಸಿ ಕೊಟ್ಟಳು.

ಬಾವಿಯಲ್ಲಿದ್ದ ನೀರು ದಸರೆಯವರೆಗೆ ಬಂತು. ದೀಪಾವಳಿಯ ಹಿಂದಿನ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಸ್ನಾನದ ಹಂಡೆಯನ್ನು ಬೆಳಗಿ, ಸುತ್ತ ಸುಣ್ಣದ ಗೆರೆ ಬರೆದು, ಬಾವಿಗೆ ಪೂಜೆ ಮಾಡಿ, ಅದರ ನೀರನ್ನು ಸೇದಿ ಹಂಡೆಗೆ ತುಂಬಬೇಕು. ಮಾವ ಈ ಊರಿಗೆ ಬಂದ ಮೇಲೂ ಅದನ್ನು ಬಿಟ್ಟವರಲ್ಲ. ಬಾವಿ ಬತ್ತಿದ ವರ್ಷಗಳಲ್ಲೂ ತಳದಿಂದ ಒಂದು ತಂಬಿಗೆಯಾದರೂ ಮೊಗೆಸಿ ಹಂಡೆಗೆ ಹಾಕಿ, ಉಳಿದದ್ದಕ್ಕೆ ನಲ್ಲಿ ನೀರು ಬೆರೆಸುತ್ತಿದ್ದರು. ಆ ಸಲ ತಂಬಿಗೆಯೂ ಸಿಗಲಿಲ್ಲ, ನಲ್ಲಿಯೂ ಬರಲಿಲ್ಲ. ನಾನು ಹಂಡೆ ಬೆಳಗಿಟ್ಟು ಅವರ ಮುಖ ನೋಡಿದೆ. ಅವರು ನೀಲಿ ಕ್ಯಾನನ್ನು ಎತ್ತಿ ಹಂಡೆಗೆ ಸುರಿದರು, ಹೂವು ಏರಿಸಿದರು, ಕೈ ಮುಗಿದರು. ಮುಗಿದ ಕೈಯನ್ನು ಎಷ್ಟೋ ಹೊತ್ತು ಇಳಿಸಲಿಲ್ಲ.

ಹಿಂಜವಾಡಿಯ ಕೌಂಟರನ್ನು ಇವರು ಅದರ ಮುಂದಿನ ಬೇಸಿಗೆಯಲ್ಲಿ ಹಿಡಿದರು. ವಾಡೆಯ ಯಜಮಾನರಿಗೂ ನಾವು ಬಿಡುವುದನ್ನೇ ಕಾಯುವ ಹಾಗಾಗಿತ್ತು. ಈ ಮಳೆಗಾಲ ಕಳೆದ ಮೇಲೆ ವಾಡೆ ಬೀಳುತ್ತದೆ, ಫ್ಲ್ಯಾಟುಗಳೇಳುತ್ತವೆ. ಅವರ ಬಿಲ್ಡರ್ ನಮ್ಮ ಗೋಡೆಯ ಮೇಲೆಯೇ ಹೊಸ ಕಟ್ಟಡದ ದೊಡ್ಡ ಚಿತ್ರ ತೂಗುಹಾಕಿದ್ದಾನೆ. ಲಿಫ್ಟು, ಜಿಮ್ಮು, ಮಳೆನೀರು ಸಂಗ್ರಹ ಎಂದು ಬರೆಸಿದ್ದಾನೆ. ನಮ್ಮ ಬಾವಿ ಇರುವ ಮೂಲೆಯಲ್ಲಿ ಚಿತ್ರದೊಳಗೆ ಎರಡು ಕಾರುಗಳು ನಿಂತಿವೆ. ದಿನಾ ಅದನ್ನು ದಾಟಿ ಒಳಗೆ ಬರಬೇಕು. ಒಂದು ದಿನ ಅದರ ಮೇಲೆ ಮಜ್ಜಿಗೆ ಚೆಲ್ಲಿದೆ, ಕೈ ಜಾರಿತು ಎಂದು ಹೇಳಿದೆ. ಮಾವ ಹಿಂಜವಾಡಿಗೆ ಬರುವುದಿಲ್ಲ ಎಂದಿದ್ದಾರೆ. ಊರಿಗೂ ಹೋಗುವುದಿಲ್ಲವಂತೆ. ಮತ್ತೆಲ್ಲಿ ಎಂದರೆ ಕಾಂಬ, ನೋಡೋಣ, ಎನ್ನುತ್ತಾರೆ. ನನಗೆ ಅವರನ್ನು ನೋಡಿದರೆ ಭಯವಾಗುತ್ತದೆ.

ಈ ವರ್ಷದ ಮೊದಲ ಮಳೆ ಮೊನ್ನೆ ಬಂತು. ಈ ಹೋಟೆಲಿನಲ್ಲಿ ನಮ್ಮ ಕೊನೆಯದು. ಗಲ್ಲಿಯ ತುಂಬ ಒದ್ದೆ ಸ್ಕೂಟರುಗಳು, ಒಳಗೆ ನಿಲ್ಲಲೂ ಜಾಗವಿಲ್ಲ. ಮಾವ ತಾವೇ ಬಾಣಲೆಯ ಮುಂದೆ ನಿಂತಿದ್ದರು. ತಾರಸಿಯ ನೀರು ಅಂಗಳದಲ್ಲಿ ಭರ್ರೆಂದು ಗಟಾರಕ್ಕೆ ಬೀಳುವುದು ಗಲ್ಲಾದವರೆಗೆ ಕೇಳುತ್ತಿತ್ತು, ಬಾವಿಯ ಬಾಯಿಗೆ ಹಾಕಿದ ತಗಡಿನ ಮೇಲೆ ಹನಿ ಬಡಿಯುವುದೂ ಕೇಳುತ್ತಿತ್ತು. ಬಾಗಿಲಲ್ಲಿ ಕೈಗಾಡಿ ನಿಂತಿತು. ಕ್ಯಾನಿನವನು ಸುರಿಯುವ ಮಳೆಯಲ್ಲಿ, ತಲೆಯ ಮೇಲೆ ಗೋಣಿ ಹಾಕಿಕೊಂಡು, ಗಿರಾಕಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ನೀರಿನ ಕ್ಯಾನುಗಳನ್ನು ಒಂದೊಂದಾಗಿ ಒಳಗೆ ಹೊತ್ತು ತಂದ.

ಬಿಸಿ ಭಜಿಯನ್ನು ಊದಿಕೊಂಡು ತಿನ್ನುತ್ತಿದ್ದ ಗಿರಾಕಿಯೊಬ್ಬರು ಒಳಗೆ ಇಣುಕಿ ಮಾವನಿಗೆ, “ಯಂದಾ ಪಾವೂಸ್ ಛಾನ್ ಆಹೇ, ಅಣ್ಣಾ” ಎಂದರು. ಈ ಸಲ ಮಳೆ ಚೆನ್ನಾಗಿದೆ ಎಂದು.

ಮಾವ ಬಾಣಲೆಯಿಂದ ತಲೆ ಎತ್ತಲಿಲ್ಲ. ಹೌದು ಎಂದು, ಅವರ ತಟ್ಟೆಗೆ ಇನ್ನೊಂದಿಷ್ಟು ಭಜಿ ಹಾಕಿಕೊಟ್ಟರು.